ಹಂಸಾಬೆನ್ ಅವರ ಲಾಂಗ್‌ಬೋರ್ಡ್

2004ರಲ್ಲಿ ನಾನು ವಡೋದರಾದಲ್ಲಿದ್ದೆ. ಯುಪಿಎಸ್, ಇನ್ವರ್ಟರ್ ಮಾರುವ ಖಾಸಗಿ ಕಂಪನಿಯೊಂದರಲ್ಲಿ ಸರ್ವಿಸ್ ಎಂಜಿನಿಯರ್. ಮೇಲೆ ಅಹಮದಾಬಾದ್, ಕೆಳಗೆ ಸೂರತ್, ನಡುವಿನ ಊರುಗಳೆಲ್ಲ ನನ್ನ ಪಾಲಿಗೆ. ಬ್ಯಾಂಕಿನಲ್ಲಿದ್ದ ನನ್ನ ಯಜಮಾನರಿಗೆ ಧಾರವಾಡದಿಂದ ಅಲ್ಲಿಗೆ ವರ್ಗವಾಗಿತ್ತು. ಹಿಂದೆಯೇ ಹೋಗಿ ನಾನೂ ಕೆಲಸ ಹುಡುಕಿಕೊಂಡಿದ್ದೆ. ಟೂಲ್ ಬ್ಯಾಗ್ ಹೊತ್ತ ಹೆಂಗಸನ್ನು ಕಂಡ ಗಿರಾಕಿಗಳು ‘ಎಂಜಿನಿಯರ್ ಯಾವಾಗ ಬರ್ತಾರೆ?’ ಎಂದು ನನ್ನನ್ನೇ ಕೇಳುತ್ತಿದ್ದರು. ‘ಬಂದಾಗಿದೆ, ದಾರಿ ಬಿಡಿ’ ಎನ್ನುತ್ತಿದ್ದೆ. ಮೊದಲಿನಿಂದಲೂ ನನ್ನ ಬಾಯಿ ಸ್ವಲ್ಪ ಜೋರು.

ಒಮ್ಮೆ ಅಹಮದಾಬಾದಿನ ಮಣಿನಗರದ ಹಳೆಯ ಮನೆಯೊಂದರ ಮಹಡಿಯಲ್ಲಿ ಯುಪಿಎಸ್ ರಿಪೇರಿ ಮುಗಿಸಿ ಇಳಿಯುವಾಗ ಕೆಳಮನೆಯ ಹಿರಿಯರೊಬ್ಬರು ತಡೆದರು. ಮುಚ್ಚಿಹೋದ ಬಟ್ಟೆ ಗಿರಣಿಯಲ್ಲಿ ದುಡಿದವರು, ಕೇರಿಯವರಿಗೆಲ್ಲ ಕಾಂತಿಕಾಕಾ. ಅವರ ಮಾತು ಅರ್ಧ ಗುಜರಾತಿ, ಅರ್ಧ ಹಿಂದಿ. ಆದರೆ ನನ್ನ ನೆನಪಿನಲ್ಲಿ ಅದು ಧಾರವಾಡದ ಕನ್ನಡವಾಗಿಯೇ ಉಳಿದಿದೆ, ಹಾಗೆಯೇ ಬರೆಯುತ್ತೇನೆ.

‘ಬ್ಯಾಟರಿ ಹಲಗಿ ರಿಪೇರಿ ಬರ್ತದೇನವಾ ನಿನಗ?’

ಒಳಗೆ ಅವರ ಮಗಳು ಹಂಸಾಬೆನ್ ಸೀರೆಗೆ ಫಾಲ್ ಹಚ್ಚುತ್ತ ಕೂತಿದ್ದರು. ವಯಸ್ಸು ನಲವತ್ತರ ಆಸುಪಾಸು. ಕೂಸಿದ್ದಾಗಲೇ ಪೋಲಿಯೋ ಬಂದು ಎರಡೂ ಕಾಲಿನ ಶಕ್ತಿ ಹೋಗಿತ್ತು. ತಾಯಿ ಇಲ್ಲ. ಆಸ್ಪತ್ರೆಗೆ, ಗುಡಿಗೆ, ಬಚ್ಚಲಿಗೆ, ಎಲ್ಲಿಗೆ ಹೋಗಬೇಕಾದರೂ ಅಪ್ಪನೇ ಎತ್ತಿಕೊಂಡು ಹೋಗಬೇಕು. ಅಮೆರಿಕದಿಂದ ಬಂದಿದ್ದ ನೆಂಟನೊಬ್ಬ ತನ್ನ ಮಗ ಆಡಿ ಬಿಟ್ಟ ಎಲೆಕ್ಟ್ರಿಕ್ ಲಾಂಗ್‌ಬೋರ್ಡ್ ಕೊಟ್ಟುಹೋಗಿದ್ದ. ನಾಲ್ಕು ಗಾಲಿಯ ಉದ್ದನೆಯ ಹಲಗೆ, ಅದರ ಹೊಟ್ಟೆಗೆ ಬ್ಯಾಟರಿ, ಮೋಟಾರು. ಕೈಯಲ್ಲಿ ಹಿಡಿಯುವ ರಿಮೋಟಿನ ಗುಂಡಿ ಒತ್ತಿದರೆ ಓಡುತ್ತದೆ. ಅಲ್ಲಿನ ಹುಡುಗರು ನಿಂತು ಓಡಿಸುವ ಅದರ ಮೇಲೆ ಹಂಸಾಬೆನ್ ಕೂತು ಹೋಗಬೇಕೆಂದಿದ್ದರು. ಅದು ಅಂಗಳ ದಾಟುತ್ತಿರಲಿಲ್ಲ.

ಬೋರ್ಡನ್ನು ಮಂಚದ ಮೇಲೆ ಬೋರಲು ಹಾಕಿ ಗುಂಡಿ ಒತ್ತಿದೆ. ಗಾಲಿ ಗಿರ್ರನೆ ತಿರುಗಿತು. ಅಂಗಳಕ್ಕೆ ತಂದು ಹಂಸಾಬೆನ್ ಅವರನ್ನು ಕೂರಿಸಿದರೆ ಎರಡು ಮಾರು ಹೋಗಿ ನಿಂತಿತು. ಕಾಕಾ ಅವರನ್ನು ಎತ್ತಿ ಒಳಗೆ ಕೂರಿಸಿ, ಬಾಗಿಲಿಗೆ ಕೈಕೊಟ್ಟು ಏದುಸಿರು ಬಿಟ್ಟರು. ತಿಂಗಳುಗಟ್ಟಲೆ ಚಾರ್ಜ್ ಇಲ್ಲದೆ ಬಿದ್ದ ಬ್ಯಾಟರಿ ಸುಮ್ಮನಿದ್ದಾಗ ವೋಲ್ಟೇಜ್ ತೋರಿಸುತ್ತದೆ, ಭಾರ ಬಿದ್ದರೆ ಕುಸಿಯುತ್ತದೆ. ಅದೇ ಇರಬೇಕು ಎಂದುಕೊಂಡೆ. ಯುಪಿಎಸ್‌ಗೆ ಹಾಕುವ 12 ವೋಲ್ಟಿನ ಎರಡು ಬ್ಯಾಟರಿ ಇದಕ್ಕೂ ಸಾಕು, ತರುತ್ತೇನೆ ಎಂದೆ.

ಕಾಕಾ ಗೇಟಿನವರೆಗೆ ಬಂದು ದನಿ ತಗ್ಗಿಸಿದರು. ‘ಭಾರ ಎತ್ತಬ್ಯಾಡ ಅಂದಾರ ಡಾಕ್ಟರು. ಹಾರ್ಟ್ ಸೋತದಂತ. ಆಕಿಗೆ ಹೇಳಿಲ್ಲ, ನೀನೂ ಹೇಳಬ್ಯಾಡ. ಆಕಿ ತಾನಾ ಹೋಗಿ ತಾನಾ ಬರೂದು ಒಮ್ಮೆ ನೋಡಬೇಕವಾ, ಅಷ್ಟ.’

‘ಮೈಂ ಆತೀ ಹ್ಞೂಂ’ ಎಂದಷ್ಟೇ ಹೇಳಿ ರೈಲು ಹಿಡಿದೆ.

ಮುಂದಿನ ವಾರ ಬ್ಯಾಟರಿ ಹೊತ್ತು ಹೋದಾಗ ಹಂಸಾಬೆನ್ ಮುಖ ಊದಿಸಿಕೊಂಡಿದ್ದರು. ‘ಈಗ ಬಂದ್ರೇನು? ಅವತ್ತು ನಿಮ್ಮ ಸಲುವಾಗಿ ಬಾಪುಜಿ ಸಂಜೀತನಾ ಊಟಾ ಬಿಟ್ಟು ಕೂತಿದ್ರು.’

ನಾನು ತಬ್ಬಿಬ್ಬಾದೆ. ಆಮೇಲೆ ಹೊಳೆಯಿತು. ಹೊರಡುವಾಗ ‘ಬರ್ತೀನಿ’ ಎನ್ನುವುದು ನಮ್ಮ ರೂಢಿ; ಅದನ್ನೇ ಹಿಂದಿಗೆ ತಂದಿದ್ದೆ. ಅಲ್ಲಿಯವರಿಗೆ ಅದು ‘ಈಗಲೇ ವಾಪಸ್ ಬರ್ತೀನಿ’ ಎಂದಂತೆ. ವಿವರಿಸಿದಾಗ ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು.

‘ನಮ್ಮಲ್ಲಿ ಹೋಗಾವರು ಹಂಗ ಅನ್ನೂದಿಲ್ಲವಾ. ಕಳಸಾವರು ಆವಜೋ ಅಂತಾರ.’

ಆವಜೋ ಎಂದರೆ ಬನ್ನಿ. ಹೋಗಿ ಎನ್ನಲು ಅವರಿಗೂ ಬಾಯಿ ಬರುವುದಿಲ್ಲ, ನಮಗೂ ಬರುವುದಿಲ್ಲ.

ಹೊಸ ಬ್ಯಾಟರಿ ಹಾಕಿದೆ. ಹಂಸಾಬೆನ್ ಕೂತರು. ಎರಡು ಮಾರು ಹೋಗಿ ಮತ್ತೆ ನಿಂತಿತು. ‘ಇದರ ಮನಿ ಹಾಳಾಗ!’ ಎಂದು ಅಚ್ಚ ಕನ್ನಡದಲ್ಲಿ ಬೈದು, ನೋಡೇಬಿಡೋಣ ಎಂದು ನಾನೇ ಹತ್ತಿ ಕೂತೆ. ಆಗಲೂ ಅಷ್ಟೇ.

ನೆಲದ ಮೇಲೆ ಕೂತಿದ್ದ ಹಂಸಾಬೆನ್ ಬಗ್ಗಿ ನೋಡಿ ಕಿಸಕ್ಕನೆ ನಕ್ಕರು. ‘ಬೆನ್, ನೀವು ಕೂತ್ರ ಹಲಗಿ ಹೊಟ್ಟಿ ನೆಲಾ ಮುಟ್ಟತದ!’

ನಗುವುದು ಬಿಟ್ಟು ನಾನು ಥಟ್ಟನೆ ಇಳಿದೆ. ಲಾಂಗ್‌ಬೋರ್ಡ್ ಬಾಗುವಂತೆಯೇ ಮಾಡಿದ ಹಲಗೆ. ಕೆಳಗಿನ ಮುಚ್ಚಳ ಬಿಚ್ಚಿ, ಬ್ಯಾಟರಿಯಿಂದ ಮೋಟಾರಿನ ಕಂಟ್ರೋಲರ್‌ಗೆ ಹೋಗುವ ತಂತಿಯ ಎರಡು ತುದಿಗೆ ಮಲ್ಟಿಮೀಟರ್ ಹಚ್ಚಿದೆ. ತಂತಿ ಕೂಡಿದ್ದರೆ ಅದು ಪೀಂ ಎನ್ನುತ್ತದೆ. ಎನ್ನುತ್ತಿತ್ತು. ಹಲಗೆಯನ್ನು ಮೊಣಕಾಲಿನಿಂದ ಒತ್ತಿದೆ, ಸದ್ದು ನಿಂತಿತು. ಬಿಟ್ಟೆ, ಮತ್ತೆ ಬಂತು. ಬಿಗಿಯಾಗಿ ಎಳೆದಿದ್ದ ತಂತಿಯ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಸುಮ್ಮನಿದ್ದಾಗ ಕೂಡುತ್ತಿತ್ತು, ಭಾರ ಹೊತ್ತ ಹಲಗೆ ಓಡುತ್ತ ಬಾಗಿ ಅದುರಿದೊಡನೆ ಬಿಡುತ್ತಿತ್ತು. ಅವರ ಅಡುಗೆಮನೆಯ ಪ್ಲಗ್ಗಿಗೆ ಸೋಲ್ಡರಿಂಗ್ ಐರನ್ ಹಚ್ಚಿ ಮೆತ್ತನೆಯ ಹೊಸ ತಂತಿ ಬೆಸೆದೆ. ಹಲಗೆ ಎಷ್ಟು ಬಾಗಿದರೂ ಎಳೆತ ಬೀಳದಂತೆ ನಡುವೆ ಒಂದು ಸುತ್ತು ಸಡಿಲ ಬಿಟ್ಟೆ.

ಹೊಸ್ತಿಲಾಚೆ ಬೋರ್ಡ್ ಇಟ್ಟು ಕಾಕಾ ಮಗಳನ್ನು ಕೂರಿಸಿದರು. ಅಂಗಳ ದಾಟಿತು. ಗೇಟು ದಾಟಿತು. ಕಾಕಾ ರೂಢಿಯಂತೆ ಹಿಂದೆ ಎರಡು ಹೆಜ್ಜೆ ಹಾಕಿ, ನಿಂತು, ಗೇಟು ಹಿಡಿದುಕೊಂಡರು.

‘ಆವಜೋ, ದೀಕ್ರಿ’ ಎಂದರು. ದೀಕ್ರಿ ಎಂದರೆ ಮಗಳು.

ಹಂಸಾಬೆನ್ ಹೊರಳಿ ನೋಡಿದರು. ಅಲ್ಲಿಯವರೆಗೆ ಅಪ್ಪ ಅವರಿಗೆ ಆ ಮಾತು ಹೇಳಿದ್ದೇ ಇಲ್ಲ. ಹೋಗುವುದಿದ್ದರೆ ಇಬ್ಬರೂ ಕೂಡಿಯೇ ಹೋಗುತ್ತಿದ್ದರಲ್ಲ! ಮೂಲೆಯ ಹಾಲಿನ ಬೂತಿಗೆ ಹೋಗಿ, ತೊಡೆಯ ಮೇಲೆ ಹಾಲಿನ ಪಾಕೀಟು ಇಟ್ಟುಕೊಂಡು ವಾಪಸ್ ಬಂದರು. ಕಾಕಾ ಅದನ್ನು ಇಸಿದುಕೊಂಡು ಚಹಾ ಮಾಡಲು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಎರಡು ತಿಂಗಳೂ ಆಗಿರಲಿಲ್ಲ, ಒಂದು ಬೆಳಿಗ್ಗೆ ಮಹಡಿಯವರ ಫೋನ್ ಬಂತು. ಕಾಕಾ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ನಾನು ಮಣಿನಗರ ತಲುಪಿದಾಗ ಚಟ್ಟ ಎತ್ತುತ್ತಿದ್ದರು. ಆ ಕೇರಿಯಲ್ಲಿ ಹೆಂಗಸರು ಮೂಲೆಯವರೆಗೆ ಮಾತ್ರ ಹೋಗುತ್ತಾರೆ. ಹಂಸಾಬೆನ್ ಬೋರ್ಡಿನ ಮೇಲೆ ಕೂತು ಹಿಂದೆ ಹೊರಟರು, ಪಕ್ಕದಲ್ಲಿ ನಾನು. ದೇವರೇ, ಇವತ್ತೊಂದಿನ ನಿಲ್ಲದಿರಲಿ ಎಂದು ನನ್ನ ಕಿವಿಯೆಲ್ಲ ಆ ಮೋಟಾರಿನ ಸದ್ದಿನ ಮೇಲೆ. ಅದು ನಿಲ್ಲಲಿಲ್ಲ. ಹಾಲಿನ ಬೂತಿನ ಹತ್ತಿರ ಅವರೇ ನಿಲ್ಲಿಸಿದರು. ಗಂಡಸರು ಮುಂದೆ ನಡೆದರು.

‘ಆವಜೋ, ಬಾಪುಜಿ’ ಎಂದರು ಹಂಸಾಬೆನ್.

ನನಗೆ ತಡೆಯಲಾಗಲಿಲ್ಲ, ರಸ್ತೆಯಲ್ಲೇ ಅತ್ತುಬಿಟ್ಟೆ.

ವಾಪಸ್ ಬಂದಾಗ ಹೊಸ್ತಿಲು ಹತ್ತಿಸಲು ಕೈಚಾಚಿದೆ. ‘ಬ್ಯಾಡ ಬೆನ್’ ಎಂದರು. ಮೆಟ್ಟಿಲಿನ ಜಾಗದಲ್ಲಿ ಸಿಮೆಂಟಿನ ಹೊಸ ಇಳಿಜಾರು ಇತ್ತು. ‘ಹೋದ ವಾರ ಬಾಪುಜಿ ಮಾಡಿಸಿದ್ರು. ಯಾಕಂತ ಕೇಳಿದ್ರ, ಹಾಲಿನಾವನ ಸೈಕಲ್ಲಿಗೆ ಅಂದ್ರು. ನಮ್ಮ ಮನೀಗೆ ಹಾಲಿನಾವ ಬರೂದಿಲ್ಲ, ಬೆನ್.’ ಬೋರ್ಡ್ ಅದರ ಮೇಲೆ ನಿಧಾನವಾಗಿ ಹತ್ತಿ ಒಳಗೆ ಹೋಯಿತು.

ಭಾರ ಹಾಕಿ ನೋಡದೆ ಯಾವುದನ್ನೂ ಸರಿಯಿದೆ ಎನ್ನಬೇಡಿ ಎಂದು ನಿವೃತ್ತಿಯ ದಿನದವರೆಗೂ ಹೊಸಬರಿಗೆ ಹೇಳುತ್ತಿದ್ದೆ. ಯಂತ್ರದ ಪಾಠ ಅಷ್ಟೇ. ಇನ್ನೊಂದನ್ನು ಆ ಮನೆಯಲ್ಲಿ ಕಲಿತೆ, ಅದನ್ನು ಯಾರಿಗೂ ಹೇಳಿಕೊಡಲು ನನಗೆ ಬರಲಿಲ್ಲ.

ಕಾಕಾ ಹೋದ ದಿನ ಸಂಜೆ ರೈಲಿಗೆ ಹೊತ್ತಾಯಿತೆಂದು ಎದ್ದೆ. ಬಾಯಿ ತಪ್ಪಿ ‘ಮೈಂ ಆತೀ ಹ್ಞೂಂ’ ಎಂದೆ.

ಹಂಸಾಬೆನ್ ತಲೆ ಎತ್ತಿದರು. ‘ಊಟಕ್ಕ ಕಾಯಲೇನು?’

ಬ್ಯಾಗು ಕೆಳಗಿಟ್ಟೆ. ಮಹಡಿಯವರು ಕಳಿಸಿದ ಖಿಚಡಿಯನ್ನು ಇಬ್ಬರೂ ಕೂತು ತಿಂದೆವು.