ತಂಗಿಗೆ ಬೇಕಾದ ನೆರಳು

ಬಿಸಿಲು ತಾಗಿದರೆ ನನ್ನ ತಂಗಿಯ ಚರ್ಮದಲ್ಲಿ ಬೊಕ್ಕೆಗಳೇಳುತ್ತವೆ. ಎರಡು ವರ್ಷಗಳಿಂದ ಅವಳು ಹಗಲಿನಲ್ಲಿ ಹೊರಗೆ ಕುಳಿತದ್ದೇ ಇಲ್ಲ. ಕಡಲ ದಂಡೆಯಲ್ಲಿ ಕುಳಿತು ಒಮ್ಮೆ ಚಹಾ ಕುಡಿಯಬೇಕೆಂಬ ಅವಳ ಆಸೆಗಾಗಿಯೇ ಹಳೆಯ ವ್ಯಾನೊಂದಕ್ಕೆ ಮಂಚ, ಒಲೆ ಜೋಡಿಸಿದ್ದೆವು. ಉಳಿದದ್ದು ಬದಿಗೆ ಕಟ್ಟುವ ಚಪ್ಪರ.

ನಾಯ್ಮಾರ್ಮೂಲೆಯ ಅಂಗಡಿಯಲ್ಲಿ ಒಂದೊಂದನ್ನೂ ಪರೀಕ್ಷಿಸಿದೆ. ವಿದೇಶದ ಸುರುಳಿ ಚಪ್ಪರ ವ್ಯಾನಿನ ಬಲಬದಿಗೆ, ಎಂದರೆ ವಾಹನಗಳು ಓಡುವ ಕಡೆಗೆ ಬಿಚ್ಚಿಕೊಳ್ಳುತ್ತಿತ್ತು. ಅದನ್ನು ಇಲ್ಲಿ ಮಾರುವುದೇ ತಪ್ಪು. ಅಗ್ಗದ ಟಾರ್ಪಾಲು ಬೇಗನೆ ಪುಡಿಯಾಗಿ ಕಡಲು ಸೇರುತ್ತದೆ, ಅದೂ ತಪ್ಪು. ಹತ್ತಿಯ ಕ್ಯಾನ್ವಾಸ್ ಬರಲು ತಿಂಗಳು ಬೇಕು, ಅಷ್ಟರಲ್ಲಿ ಮಳೆಗಾಲ. ಹೆದ್ದಾರಿಗಾಗಿ ಮರಗಳನ್ನು ಕಡಿದದ್ದು ಎಲ್ಲಕ್ಕಿಂತ ದೊಡ್ಡ ತಪ್ಪೆಂದು ಹೇಳಿದೆ.

"ನನ್ನಲ್ಲಿ ಮರ ಇಲ್ಲ ಮಾರಾಯ್ರೆ, ಇದುಂಟು" ಎಂದು ಅಂಗಡಿಯವರು ಚುನಾವಣೆಯ ಹಳೆಯ ಫ್ಲೆಕ್ಸ್ ತಂದರು. "ಸಂಜೆಗೇ ಹೊಲಿದು ಕೊಡ್ತೇನೆ. ಬಿಳಿ ಬದಿ ಮೇಲಿರಲಿ, ಬಿಸಿ ಕಡಿಮೆ."

ಫ್ಲೆಕ್ಸ್ ನಿಷೇಧಿಸಬೇಕೆಂದು ಊರೂರು ತಿರುಗಿ ಸಹಿ ಸಂಗ್ರಹಿಸಿದವನು ನಾನು. ಅಂಗಡಿಯೆದುರು ನಿಲ್ಲಿಸಿದ್ದ ವ್ಯಾನಿನ ಪರದೆಯ ಹಿಂದಿನಿಂದ ತಂಗಿ ಕೇಳಿದಳು: "ಎಂತ ಅಣ್ಣ, ಇವತ್ತೂ ಚಪ್ಪರ ಇಲ್ವಾ?"

ಫ್ಲೆಕ್ಸನ್ನೇ ಹೊಲಿಸಿದೆ.

ಮರುದಿನ ದಂಡೆಯಲ್ಲಿ ಅವಳು ಎರಡು ಲೋಟ ಚಹಾ ಕುಡಿದಳು. ನಮ್ಮ ತಲೆಯ ಮೇಲೆ ಅಭ್ಯರ್ಥಿ ಕೈಮುಗಿದು ನಗುತ್ತಿದ್ದರು. "ಗೆದ್ದ ಮೇಲೆ ಇವರು ಮಾಡಿದ ಮೊದಲ ಉಪಕಾರ" ಎಂದಳು. ನನಗೆ ನಗು ಬರಲಿಲ್ಲ. ಬಿಸಿಲು ಸರಿದಂತೆಲ್ಲ, ಅವಳ ಪಾದಕ್ಕೆ ತಾಗದಿರಲೆಂದು, ಅದೇ ಫ್ಲೆಕ್ಸಿನ ಹಗ್ಗವನ್ನು ಮತ್ತೆ ಮತ್ತೆ ಎಳೆದು ಕಟ್ಟುತ್ತಿದ್ದೆ.