ತೊಳೆದಿಟ್ಟ ಬಾಟಲಿಗಳು

ನನ್ನ ಭಾವನಿಗೆ ಹುಳಹುಪ್ಪಟೆ ಕಂಡರಾಗದು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವರದು. ಮೂವತ್ತು ವರ್ಷ ಗಾಜಿನ ಮೇಲೆ ಒಂದು ಧೂಳಿನ ಕಣ ಕೂರಲು ಬಿಟ್ಟವರಲ್ಲ. ಅಂಥವರಿಗೆ ಗಂಟುಬಿದ್ದವಳು ನನ್ನ ಅಕ್ಕ!

ಅಕ್ಕ ಸಾಕಿದ್ದು ನಾಯಿಯಲ್ಲ, ಬೆಕ್ಕಲ್ಲ, ಸೂರ್ಯನ ಕುದುರೆ. ತ್ರಿಕೋನದ ಮುಖ, ಮುಂಗಾಲು ಮಡಚಿ ಕೈಮುಗಿದಂತೆ ಕೂರುವ ಹಸಿರು ಹುಳ. ಸತ್ತದ್ದನ್ನು ಅದು ಮುಟ್ಟದು, ಓಡಾಡುವ ಜೀವವೇ ಬೇಕು. ಅದಕ್ಕೆಂದು ಅಕ್ಕ ಹಣ್ಣಿನಂಗಡಿಯ ಹಿಂದೆ ಕೊಳೆತ ಬಾಳೆಹಣ್ಣಿನ ಬಾಟಲಿ ಇಟ್ಟು ಸಣ್ಣ ನೊಣ ಹಿಡಿಯುತ್ತಿದ್ದಳು. ಆದರೆ ಹಿಡಿದ ನೊಣವನ್ನು ಹಾಗೇ ಹಾಕುತ್ತಿರಲಿಲ್ಲ.

"ಹೊರಗಿನದು ಎಲ್ಲಿ ಏನು ತಿಂದಿರುತ್ತೋ ಯಾರಿಗೆ ಗೊತ್ತು? ಮನೇಲಿ ಮೊಟ್ಟೆ ಇಡಲಿ. ಅದರ ಮಕ್ಕಳನ್ನ ಹಾಕೋದು," ಎನ್ನುತ್ತಿದ್ದಳು. ಮೊಟ್ಟೆ ಹುಳವಾಗಿ, ಹುಳ ನೊಣವಾಗಲು ಹನ್ನೆರಡು ದಿನ. ಅಡುಗೆಮನೆಯ ಕಿಟಕಿಯಲ್ಲಿ ಸಾಲು ಬಾಟಲಿಗಳು, ಬಾಯಿಗೆ ಹಳೇ ಕಾಲುಚೀಲದ ತುಂಡು.

"ಕೆಲಸ ಇಲ್ಲದ ಬಡಗಿ ಮಗುವಿನ ಅಂಡು ಕೆತ್ತಿದನಂತೆ," ಎಂದು ನಾನು ಆಡಿಕೊಂಡರೆ ಅಕ್ಕ ಹೊಟ್ಟೆ ಹಿಡಿದು ನಗುತ್ತಿದ್ದಳು. ಭಾವ, "ಊರವರು ನೊಣ ಹೊಡೀತಾ ಕೂತಿರ್ತಾರೆ, ನಿಮ್ಮಕ್ಕ ನೊಣ ಸಾಕ್ತಾ ಕೂತಿದ್ದಾಳೆ," ಎಂದು ಗೊಣಗುತ್ತ ತಟ್ಟೆ ಎತ್ತಿಕೊಂಡು ಹಜಾರಕ್ಕೆ ಹೋಗಿಬಿಡುತ್ತಿದ್ದರು.

ಅಕ್ಕ ಆಸ್ಪತ್ರೆ ಸೇರಿದ ವಾರವೇ ಆ ಕುದುರೆ ತನ್ನ ಗಾಜಿನ ಡಬ್ಬಿಯೊಳಗಿನ ಕಡ್ಡಿಗೆ ನೊರೆ ಮೆತ್ತಿ ಮೊಟ್ಟೆಗೂಡು ಕಟ್ಟಿತು. ಅಕ್ಕ ಮನೆಗೆ ವಾಪಸ್ ಬರಲಿಲ್ಲ. ಕುದುರೆಯೂ ಹೆಚ್ಚು ದಿನ ಉಳಿಯಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಅವಳು ಭಾವನಿಗೆ ಹೇಳಿದ್ದು ಒಂದೇ: "ಮರಿ ಬಂದಾಗ ಮನೇಲಿ ನೊಣ ಇರಬೇಕು ಕಣ್ರೀ. ಹಸಿದರೆ ಒಂದನ್ನೊಂದು ತಿಂದ್ಹಾಕ್ತವೆ."

ಆಮೇಲೆ ಭಾವ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನೊಣ ಸಾಕಲು ಕೂತರು. ದಿನಾ ಬೆಳಿಗ್ಗೆ ಗೂಡಿಗೆ ನಾಲ್ಕು ಹನಿ ನೀರು ಚಿಮುಕಿಸಿ, ಬಾಟಲಿಗೆ ಹೊಸ ಹಣ್ಣು ಹಾಕಿಯೇ ಅಂಗಡಿಗೆ ಹೊರಡುವುದು. ಬೀದಿಯವರು ನೊಣದಪ್ಪ ಎಂದು ಹೆಸರಿಟ್ಟರು, ಭಾವ ಅದಕ್ಕೂ ನಕ್ಕರು. ಅವರಿಗೆ ಮಕ್ಕಳಿರಲಿಲ್ಲ. ಕಡ್ಡಿಯ ಮೇಲಿನ ಆ ಕಡಲೆಕಾಯಿ ಗಾತ್ರದ ಮುದ್ದೆಯೊಂದೇ ಅಕ್ಕನ ಕಡೆಯಿಂದ ಅವರಿಗೆ ಉಳಿದ ಜೀವ.

ನನಗೊಂದು ಕೆಟ್ಟ ಚಾಳಿ. ಯಾರ ದುಃಖ ಕಂಡರೂ ಪೊರಕೆ ಹಿಡಿಯುತ್ತೇನೆ. ಭಾವ ಅಂಗಡಿಯಲ್ಲಿದ್ದಾಗ ಹೋಗಿ ಅವರ ಅಡುಗೆಮನೆ ತೊಳೆಯಲು ನಿಂತೆ. ಬಾಟಲಿಗಳಲ್ಲಿ ಒಂದೂ ನೊಣ ಇರಲಿಲ್ಲ. ಕಂದು ಗಂಜಿಯಂಥದ್ದರಲ್ಲಿ ಬರೀ ಹುಳ ಮಿಜಿಮಿಜಿ. ಅಯ್ಯೋ ಪಾಪ, ಗಂಡಸಿನ ಕೈಯಲ್ಲಿ ನೊಣವೆಲ್ಲ ಸತ್ತು ಕೊಳೆತಿದೆ ಅಂದುಕೊಂಡೆ. ಹುಳವೇ ನೊಣವಾಗುವುದು ಎಂದು ಅಕ್ಕ ನೂರು ಸಲ ಹೇಳಿದ್ದಳು, ನಾನು ಯಾವತ್ತು ಕಿವಿಗೆ ಹಾಕಿಕೊಂಡಿದ್ದೆ? ಆರೂ ಬಾಟಲಿ ಮೋರಿಗೆ ಸುರಿದು, ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಬೋರಲು ಹಾಕಿದೆ.

ಸಂಜೆ ಭಾವ ಬಂದು ಬೋರಲು ಹಾಕಿದ್ದ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. "ನಾಳೆ ನಾಡಿದ್ದರಲ್ಲಿ ನೊಣ ಆಗ್ತಿದ್ದವು," ಎಂದರು.

ಮಾರನೆಯ ಬೆಳಿಗ್ಗೆಯೇ ಗೂಡು ಒಡೆಯಿತು. ದಾರದೆಳೆಯಂಥ ನೂರು ಮರಿಗಳು! ಭಾವ ಅಂಗಡಿಗೆ ರಜೆ ಹಾಕಿ ಹಣ್ಣಿನಂಗಡಿಯ ಹಿಂದಕ್ಕೆ ಓಡಿದರು. ನಾನೂ ಹಿಂದೆಯೇ ಓಡಿದೆ. ಹಿಡಿದ ನೊಣವನ್ನು ಹಾಗೇ ಮರಿಗಳ ಡಬ್ಬಿಗೆ ಬಿಟ್ಟೆವು. ಅವುಗಳ ಮಕ್ಕಳಿಗೆ ಕಾಯಲು ದಿನವೆಲ್ಲಿತ್ತು? ಒಂದು ಮರಿ ತನ್ನಷ್ಟೇ ಇದ್ದ ನೊಣವನ್ನು ಗಬಕ್ಕನೆ ಹಿಡಿದಾಗ ಭಾವನ ಕಣ್ಣು ತುಂಬಿತು. "ನಿಮ್ಮಕ್ಕ ನೋಡಬೇಕಿತ್ತು," ಎಂದರು.

ಮರುದಿನ ಮಧ್ಯಾಹ್ನದೊಳಗೆ ಅಷ್ಟೂ ಮರಿಗಳು ಡಬ್ಬಿಯ ತಳದಲ್ಲಿ ಸತ್ತು ಬಿದ್ದಿದ್ದವು. ಹಣ್ಣಿನಂಗಡಿಯವನನ್ನು ಕೇಳಿದೆ. ಎರಡು ದಿನದ ಕೆಳಗೆ ಕಸದ ತೊಟ್ಟಿಗೆ ನೊಣ ಸಾಯುವ ಔಷಧಿ ಹೊಡೆಸಿದ್ದನಂತೆ. ಭಾವ ತಮ್ಮ ಅಂಗಡಿಯ ಚಿಮಟದಿಂದ ಒಂದೊಂದೇ ಮರಿಯನ್ನು ಎತ್ತಿ, ಗಾಜು ಒರೆಸುವ ಮೆತ್ತನೆ ಬಟ್ಟೆಯ ಮೇಲೆ ಇಡುತ್ತಿದ್ದರು.

"ಬೈಯಿರಿ ಭಾವ, ನನ್ನನ್ನ ಬೈಯಿರಿ," ಎಂದು ಅತ್ತುಬಿಟ್ಟೆ.

"ಯಾಕಮ್ಮ ಬೈಲಿ? ಬಾಟ್ಲಿ ಚೆನ್ನಾಗಿ ತೊಳೆದಿದೀಯ," ಎಂದರು. ಎರಡೇಟು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ನೊಣ ಹಿಡಿದ ಬಾಟಲಿಯನ್ನು ಅವರು ಎಸೆಯಲಿಲ್ಲ. ಅದರಲ್ಲಿ ಬದುಕುಳಿದ ಒಂದೆರಡು ನೊಣ ಮೊಟ್ಟೆ ಇಟ್ಟಿದ್ದವು. ಎರಡು ವಾರದ ಮೇಲೆ ನಾನು ಅಡುಗೆ ಕೊಡಲು ಹೋದಾಗ ಬಾಟಲಿಯ ತುಂಬ ನೊಣ. ಅಕ್ಕ ಹೇಳುತ್ತಿದ್ದ ಹಾಗೆ ಮನೆಯಲ್ಲೇ ಹುಟ್ಟಿದ ಮಕ್ಕಳು, ಆದರೆ ತಿನ್ನುವವರೇ ಇಲ್ಲ. ಭಾವ ಕಾಲುಚೀಲದ ತುಂಡು ಬಿಚ್ಚಿ, ತಟ್ಟೆ ಹಾಕಿಕೊಂಡು ಅಡುಗೆಮನೆಯಲ್ಲೇ ಕೂತರು. ನೊಣಗಳು ಬಂದು ತಟ್ಟೆಯ ಅಂಚಿನಲ್ಲಿ, ಅವರ ಕೈಮೇಲೆ ಕೂತವು. ಹುಳ ಕಂಡರಾಗದ ನನ್ನ ಭಾವ ಒಂದನ್ನೂ ಓಡಿಸದೆ ಊಟ ಮಾಡಿದರು.