ಒಂಬತ್ತು ದಿನದ ಕೂಸಿಗೆ ಹೆಸರಿಟ್ಟ ಸಂಜೆ

ಇದನ್ನು ಓದಿ ನೀವು ನಗಬಹುದು, ನಂಬದೆ ಪುಟ ತಿರುಗಿಸಬಹುದು. ನನ್ನದೇನೂ ಅಭ್ಯಂತರವಿಲ್ಲ. ಕಟ್ಟುಕಥೆ ಎಂದು ಮಾತ್ರ ಹೇಳಬೇಡಿ. ಕಥೆ ಕಟ್ಟುವವಳಾಗಿದ್ದರೆ ಇದಕ್ಕಿಂತ ಒಳ್ಳೆಯ ಕೊನೆಯನ್ನು ನನಗೆ ನಾನೇ ಕೊಟ್ಟುಕೊಳ್ಳುತ್ತಿದ್ದೆ.

ನಾನು ಸುಲಭಕ್ಕೆ ಹೆದರುವವಳೂ ಅಲ್ಲ. ನಮ್ಮ ಮನೆಯಲ್ಲಿ ಆ ಖಾತೆ ನನ್ನ ಗಂಡ ಪ್ರಸನ್ನನದು. ಜಿರಲೆ ಕಂಡರೆ ಸೋಫಾ ಹತ್ತಿ ನಿಲ್ಲುವವನು ಅವನೇ.

ಆಗ ನಾವು ಅಮೆರಿಕದ ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿದ್ದೆವು. ಎಲ್‌ಬಿಜೆ ಫ್ರೀವೇ ಎಂಬ ದೊಡ್ಡ ಹೆದ್ದಾರಿಯ ಬದಿಯ ಒಂದು ಆಫೀಸಿನಲ್ಲಿ ಪ್ರಸನ್ನನ ಕೆಲಸ. ನನ್ನದು ಅವನ ವೀಸಾಕ್ಕೆ ಬಾಲಂಗೋಚಿಯಾಗಿ ಬಂದ ವೀಸಾ, ಕೆಲಸ ಮಾಡುವಂತಿರಲಿಲ್ಲ. ಮೈಸೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವಳು ಅಲ್ಲಿ ದಿನಕ್ಕೆರಡು ಸಲ ಅಡುಗೆಮನೆಯ ಕಟ್ಟೆ ಒರೆಸುತ್ತಿದ್ದೆ.

ಅಲ್ಲಿಗೆ ಹೋದ ಎರಡನೇ ವರ್ಷ ನಮಗೆ ಗಂಡುಮಗು ಹುಟ್ಟಿತು. ಆಸ್ಪತ್ರೆಯಲ್ಲಿ ಫಾರ್ಮ್ ಹಿಡಿದು ಬಂದ ಹೆಂಗಸು ಮಗುವಿನ ಹೆಸರೇನು ಎಂದು ಕೇಳಿದಳು. ಹನ್ನೊಂದನೇ ದಿನ ನಾಮಕರಣ, ಅಲ್ಲಿಯವರೆಗೆ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ ಎಂದು ಪ್ರಸನ್ನ ತುಸು ಹೆಮ್ಮೆಯಿಂದಲೇ ವಿವರಿಸಿದ. ಅವಳು ತಲೆಯಾಡಿಸಿ, ಹೆಸರಿನ ಜಾಗದಲ್ಲಿ ‘ಬೇಬಿ ಬಾಯ್’ ಎಂದು ಬರೆದುಕೊಂಡು ಹೋದಳು.

ಹೆಸರನ್ನು ನಾನು ಆಗಲೇ ಆರಿಸಿಟ್ಟಿದ್ದೆ. ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಮೂರು ಸಲ ಉಸುರುವವರೆಗೆ ಯಾರಿಗೂ ಗೊತ್ತಾಗಬಾರದೆಂದು ಪ್ರಸನ್ನನಿಗೂ ಹೇಳಿರಲಿಲ್ಲ.

ಮಗು ಆರು ದಿನ ಇತ್ತು. ಹೃದಯದಲ್ಲಿ ಏನೋ ತೊಂದರೆ... ಅದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಏಳನೇ ದಿನ ಸರೋಜಾ ಆಂಟಿ ಬಂದರು. ಅವರು ಧಾರವಾಡದವರು, ನಮ್ಮ ಅಪಾರ್ಟ್‌ಮೆಂಟಿನ ಕನ್ನಡದ ಹೆಣ್ಣುಮಕ್ಕಳಿಗೆಲ್ಲ ಹಿರಿಯರಂತಿದ್ದವರು. ನನ್ನ ತಲೆ ನೇವರಿಸುತ್ತ ಮೆಲ್ಲಗೆ ಹೇಳಿದರು.

“ಹೆಸರಿಡಲಾರದ ಕೂಸಿಗೆ ನಮ್ಮಾಗ ಕರ್ಮ ಏನೂ ಮಾಡಂಗಿಲ್ಲ ಯವ್ವಾ. ಮರತ ಬಿಡು.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಪ್ರಸನ್ನನೂ ಅದನ್ನೇ ನಂಬಿದ. ಮಣ್ಣು ಮಾಡುವುದನ್ನು ಆಸ್ಪತ್ರೆಯವರಿಗೇ ಬಿಡುವ ಕಾಗದವೊಂದಿತ್ತು, ಅದಕ್ಕೆ ಸಹಿ ಹಾಕಿ ಬಂದ. ಎಲ್ಲಿ ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಕೇಳುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತ ಹೋಯಿತು.

ಬೇರೊಂದು ಕೂಸಿನ ಗೋರಿ ನನಗೆ ಕಂಡದ್ದು ಮುಂದಿನ ವರ್ಷ. ಪ್ರಸನ್ನನಿಗೆ ಮಧ್ಯಾಹ್ನದ ಡಬ್ಬಿ ಕೊಟ್ಟು ನಡೆದುಕೊಂಡು ಬರುವಾಗ, ಆಫೀಸು ಕಟ್ಟಡಗಳ ಹಿಂದೆ ಒಂದು ಪುಟ್ಟ ಬಿಳಿ ಚರ್ಚು, ಅದರ ಪಕ್ಕ ಕಬ್ಬಿಣದ ಬೇಲಿಯೊಳಗೆ ಹಳೆಯ ಸ್ಮಶಾನ. ವಿಕ್ಟೋರಿಯಾ ರಾಣಿಯ ಕಾಲದ ಕಲ್ಲುಗಳು. ಇತಿಹಾಸ ಓದಿದವರ ಕಾಲು ಅಂಥ ಕಡೆ ತಾನಾಗಿ ತಿರುಗುತ್ತದೆ.

ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಕಲ್ಲು. ಮೇಲೆ ಮಲಗಿದ ಕುರಿಮರಿಯ ಕೆತ್ತನೆ. ಕೆಳಗೆ ಬರೆದಿದ್ದುದು ಇಷ್ಟೇ: ಸೈಲಸ್ ಮತ್ತು ಎಲೈಜಾ ಹಾಲಿಸ್ ಇವರ ಗಂಡುಶಿಶು, ವಯಸ್ಸು ಒಂಬತ್ತು ದಿನ.

ಹೆಸರಿರಲಿಲ್ಲ.

ಸಂಜೆಯವರೆಗೆ ಅಲ್ಲೇ ಕೂತಿದ್ದೆ. ಸುತ್ತಲಿನ ಒಂದೊಂದು ಕಲ್ಲನ್ನೂ ಓದಿದೆ. ಹಾಲಿಸ್ ಎಂಬ ಹೆಸರು ಮತ್ತೆಲ್ಲೂ ಇಲ್ಲ. ಹಾಗಾದರೆ ಈ ಕೂಸನ್ನು ಒಂಟಿಯಾಗಿ ಬಿಟ್ಟು ತಾಯಿ ಎಲ್ಲಿಗೆ ಹೋದಳು? ಬಿಟ್ಟು ಹೋದ ಮೇಲೆ ಬದುಕಿದಳೇ? ಬದುಕಿದ್ದರೆ... ಹೇಗೆ? ಆ ಎಲೈಜಾಳ ಚರಿತ್ರೆ ಕಟ್ಟಿಕೊಂಡು ನನಗೇನಾಗಬೇಕಿತ್ತು? ನನ್ನಂಥ ಇನ್ನೊಬ್ಬಳು ಉಂಡು, ಮಲಗಿ, ಎದ್ದು ಬದುಕಿದ್ದಳೆನ್ನುವುದಕ್ಕೆ ಒಂದು ಸಾಕ್ಷಿ ಬೇಕಿತ್ತು, ಅಷ್ಟೇ.

ಅಲ್ಲಿಂದ ಹುಡುಕಾಟ ಶುರುವಾಯಿತು. ಮೊದಲು ಊರಿನ ಲೈಬ್ರರಿ. ಆಮೇಲೆ ಪ್ರಸನ್ನನಿಗೆ ಆಸ್ಟಿನ್‌ನಲ್ಲಿ ಎರಡು ದಿನದ ಕೆಲಸ ಬಿತ್ತು, ಆಗತಾನೇ ತಲೆಯೆತ್ತಿದ್ದ ದ ಡೊಮೇನ್ ಎಂಬ ಅಂಗಡಿ-ಆಫೀಸುಗಳ ಬಡಾವಣೆಯ ಒಂದು ಆಫೀಸಿನಲ್ಲಿ. ನಾನೂ ಹೊರಟೆ. ಶಾಪಿಂಗ್‌ಗೆ ಬರುತ್ತಿದ್ದಾಳೆ ಎಂದು ಅವನಿಗೆ ಖುಷಿ. ಅವನು ಮೀಟಿಂಗ್‌ಗೆ ಹೋದ ಮೇಲೆ ನಾನು ಬಸ್ ಹಿಡಿದು ಹಳೆಯ ದಾಖಲೆಗಳಿಟ್ಟ ಕಚೇರಿಗೆ ಹೋದೆ. ಎರಡೂ ದಿನ ಜನಗಣತಿಯ ಪುಟಗಳನ್ನು ತಿರುವಿ ತಿರುವಿ ಕಣ್ಣು ಉರಿದುಹೋಯಿತು.

ಎರಡನೇ ದಿನ ಮಧ್ಯಾಹ್ನ ಹಾಲಿಸ್ ಸಂಸಾರ ಸಿಕ್ಕಿತು. ಮಗು ಸತ್ತ ಮೇಲೆ ಜಮೀನು ಮಾರಿ ಹೂಸ್ಟನ್ ಕಡೆಗೆ ಹೋಗಿದ್ದರು. ಅಲ್ಲಿ ಇನ್ನೂ ಮಕ್ಕಳಾಗಿದ್ದವು. ಅಲ್ಲಿಂದ ಮುಂದಿನದನ್ನು ಚರ್ಚಿನವರ ಸಹಾಯದಿಂದ, ಪತ್ರ ಬರೆದು, ಫೋನ್ ಮಾಡಿ ಕಂಡುಹಿಡಿದೆ. ಎಲೈಜಾಳ ಮೊಮ್ಮಗಳು ಒಬ್ಬರು ಹೂಸ್ಟನ್‌ನಲ್ಲಿ ಬದುಕಿದ್ದರು. ಎಂಬತ್ತು ದಾಟಿದ ಮಿಸ್ ಡೋರಾ. ಅಜ್ಜಿಯನ್ನು ಕಣ್ಣಾರೆ ಕಂಡವರು.

ನವೆಂಬರ್ ತಿಂಗಳ ಒಂದು ದಿನ ಬೆಳಗ್ಗೆ ಬೇಗ ಎದ್ದು ಒಬ್ಬಳೇ ಡ್ರೈವ್ ಮಾಡಿಕೊಂಡು ಹೂಸ್ಟನ್‌ಗೆ ಹೋದೆ. ನಾಲ್ಕು ಗಂಟೆಯ ದಾರಿ. ಸೀರೆ ಉಟ್ಟುಕೊಂಡು ಹೋಗಿದ್ದೆ, ಯಾಕೋ ಹಾಗನ್ನಿಸಿತ್ತು.

ಮಿಸ್ ಡೋರಾ ಮನೆಯ ಹಳೆಯ ಬೈಬಲ್ ತಂದು ಟೇಬಲ್ಲಿನ ಮೇಲಿಟ್ಟರು. ಅದರ ಮೊದಲ ಹಾಳೆಗಳಲ್ಲಿ ಸಂಸಾರದ ಹುಟ್ಟು ಸಾವುಗಳನ್ನು ಬರೆದಿಡುವುದು ಅವರ ರೂಢಿ. ಎಲೈಜಾಳಿಗೆ ಆರು ಮಕ್ಕಳು, ಆರು ಸಾಲು. ಮೂರನೆಯ ಸಾಲಿನಲ್ಲಿ ತಾರೀಖು ಮಾತ್ರ ಇತ್ತು. ಹೆಸರಿನ ಜಾಗ ಖಾಲಿ.

ಆಗ ನಮ್ಮೂರಿನ ಆ ಬಿಳಿ ಚರ್ಚಿಗೆ ಸ್ವಂತ ಪಾದ್ರಿ ಇರಲಿಲ್ಲವಂತೆ. ಕುದುರೆಯ ಮೇಲೆ ಊರೂರು ಸುತ್ತುವ ಒಬ್ಬರು ತಿಂಗಳಿಗೊಮ್ಮೆ ಬರುತ್ತಿದ್ದರು. ಅವರು ನೀರು ಚಿಮುಕಿಸಿ ಹೆಸರು ಕರೆಯುವ ತನಕ ಎಲೈಜಾ ಮಕ್ಕಳ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ಸಲ ಹೊಳೆ ತುಂಬಿ ಪಾದ್ರಿ ಬರುವುದು ತಡವಾಯಿತು. ಅಷ್ಟರಲ್ಲಿ ಮಗು ಹೋಯಿತು. ಅವರು ಪಾದ್ರಿಗೆ ಕಾದರು, ನಾವು ಹನ್ನೊಂದನೇ ದಿನಕ್ಕೆ ಕಾದೆವು. 

ಮಿಸ್ ಡೋರಾ ಇನ್ನೊಂದು ವಿಷಯ ಹೇಳಿದರು. ಅಜ್ಜಿ ದಿನಾ ಸಂಜೆ ಹಿತ್ತಿಲ ಬಾಗಿಲಲ್ಲಿ ನಿಂತು ಮಕ್ಕಳನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಊಟಕ್ಕೆ ಕರೆಯುತ್ತಿದ್ದಳಂತೆ. ಐದು ಹೆಸರು ಮುಗಿದ ಮೇಲೂ ಬಾಯಿ ತೆರೆದುಕೊಂಡು ಒಂದು ಗಳಿಗೆ ಹಾಗೇ ನಿಂತಿರುತ್ತಿದ್ದಳು. ಮುದುಕಿಯಾಗಿ, ಮಕ್ಕಳೆಲ್ಲ ಬೇರೆ ಬೇರೆ ಊರು ಸೇರಿದ ಮೇಲೂ ನಿಲ್ಲುತ್ತಿದ್ದಳು. ಯಾಕಜ್ಜಿ ಎಂದು ಇವರು ಒಮ್ಮೆ ಕೇಳಿದ್ದರು.

“ಅವನನ್ನು ಕರೆಯೋದಕ್ಕೆ ನನ್ನ ಹತ್ತಿರ ಏನೂ ಇಲ್ಲ, ಅಂದಳು,” ಎಂದರು ಮಿಸ್ ಡೋರಾ. “ತಾನು ಆರಿಸಿದ್ದ ಹೆಸರು ಅವನಿಗೆ ಮುಟ್ಟಲಿಲ್ಲ, ಅದು ಅವನದಲ್ಲ, ಅಂದಳು.”

ಆ ಹೆಸರನ್ನು ಆಕೆ ಯಾರಿಗೂ ಹೇಳದೆ ಸತ್ತಳು.

ವಾಪಸ್ ಬರುವ ದಾರಿಯುದ್ದಕ್ಕೂ ಅತ್ತೆ. ನಡುವೆ ಹೂಸ್ಟನ್‌ನ ಇಂಡಿಯನ್ ಅಂಗಡಿಯಲ್ಲಿ ಇಳಿದು ಒಂದು ಚೀಲ ಸೋನಾ ಮಸೂರಿ ಅಕ್ಕಿಯನ್ನೂ ತೆಗೆದುಕೊಂಡಿದ್ದೆ ಅನ್ನಿ. ಅಳು ಅಳುವಿನ ಪಾಡಿಗೆ, ಮನೆಯಲ್ಲಿ ಅಕ್ಕಿ ಮುಗಿದಿತ್ತು.

ಡಲ್ಲಾಸ್ ಸೇರುವಾಗ ಆರೂವರೆ. ಚಳಿಗಾಲಕ್ಕೆಂದು ಊರಿಗೆ ಊರೇ ಗಡಿಯಾರ ಒಂದು ಗಂಟೆ ಹಿಂದಿಟ್ಟ ಮೇಲೆ ಅಲ್ಲಿ ಆರಕ್ಕೆಲ್ಲ ಕಗ್ಗತ್ತಲು. ಪ್ರಸನ್ನ ಫೋನ್ ಮಾಡಿ ಎಲ್ಲಿದ್ದೀ ಎಂದು ಕೇಳಿದ. ಟ್ರಾಫಿಕ್‌ನಲ್ಲಿದ್ದೀನಿ ಎಂದು ಸುಳ್ಳು ಹೇಳಿದೆ. ಆಗ ನನ್ನ ಕಾರು ಚರ್ಚಿನ ಗೇಟಿನ ಮುಂದೆ ನಿಂತಿತ್ತು.

ನನ್ನ ಲೆಕ್ಕ ಸರಳವಾಗಿತ್ತು. ಆ ಕೂಸಿಗೆ ಯಾವುದೋ ಒಂದು ಹೆಸರು ಇಟ್ಟು ಮನೆಗೆ ಹೋಗುವುದು. ಜಾನ್ ಎಂದೋ ಹೆನ್ರಿ ಎಂದೋ, ಅವರ ಕಡೆಯದೇ ಒಂದು ಹೆಸರು. ನನಗೆ ಗೊತ್ತಿದ್ದ ನಾಮಕರಣ ಒಂದೇ, ನಮ್ಮದು.

ಗೇಟು ಕಿರ್ರ್... ಎಂದಿತು. ಬೇಲಿಯಾಚೆ ಆಫೀಸಿನ ಖಾಲಿ ಪಾರ್ಕಿಂಗ್ ಲಾಟು. ಅದರಾಚೆ ಫ್ರೀವೇಯ ಎಡೆಬಿಡದ ಮೊರೆತ. ಕಲ್ಲು ಮಂಜಿಗೆ ಒದ್ದೆಯಾಗಿತ್ತು. ಅದರ ಬುಡದಲ್ಲಿ ಒಂದು ಹಿಡಿ ಅಕ್ಕಿ ಹರಡಿದೆ. ಬೆರಳಿನ ಉಂಗುರ ತೆಗೆದು, ಅಕ್ಕಿಯ ಮೇಲೆ ಶ್ರೀಕಾರ ಬರೆದೆ. ಆಮೇಲೆ ಮಂಡಿಯೂರಿ, ಕುರಿಮರಿಯ ಕಿವಿಯ ಹತ್ತಿರ ಬಾಯಿ ತಂದೆ.

ಬಾಯಿಂದ ಬಂದದ್ದು ಜಾನ್ ಅಲ್ಲ. ಹೆನ್ರಿಯೂ ಅಲ್ಲ.

ನನ್ನ ಮಗನಿಗೆಂದು ಇಟ್ಟುಕೊಂಡಿದ್ದ ಹೆಸರು... ಒಮ್ಮೆಯೂ ಗಟ್ಟಿಯಾಗಿ ಉಚ್ಚರಿಸದ ಹೆಸರು. ಮೊದಲ ಸಲ ತಪ್ಪಿ ಬಂತು ಎನ್ನಿ. ಆಗಲೇ ನಿಲ್ಲಿಸಬಹುದಿತ್ತು. ಆದರೆ ಅದನ್ನು ಒಂದು ಕಿವಿಗೆ ಹೇಳಿದ ಸುಖ ಎಷ್ಟಿತ್ತೆಂದರೆ, ನನ್ನನ್ನು ನಾನು ತಡೆಯಲಿಲ್ಲ. ಎರಡನೇ ಸಲ ಹೇಳಿದೆ.

ಫ್ರೀವೇಯ ಸದ್ದು ನಿಂತಿತು.

ಕಡಿಮೆಯಾದದ್ದಲ್ಲ, ನಿಂತೇಹೋಯಿತು. ನನ್ನ ಉಸಿರು ನನಗೆ ಕೇಳಿಸುತ್ತಿತ್ತು. ಎಲ್ಲಿಂದಲೋ ಸೌದೆಯ ಹೊಗೆಯ ವಾಸನೆ... ಅದರ ಹಿಂದೆಯೇ ಕಾದ ಹಾಲಿನ ವಾಸನೆ. ಓಡಿಹೋಗಬೇಕೆನಿಸಿತು. ಆದರೆ ಮೂರು ಸಲ ಹೇಳದೆ ಎದ್ದರೆ ಅರ್ಧಕ್ಕೆ ಬಿಟ್ಟಂತಾಗುತ್ತದಲ್ಲ. ಮೂರನೆಯ ಸಲವೂ ಹೇಳಿದೆ.

ಆಗ ಬೇಲಿಯಾಚೆಯಿಂದ ಒಬ್ಬ ಹೆಂಗಸು ಆ ಹೆಸರು ಕರೆದಳು.

ಅಳು ಇಲ್ಲ, ಆರ್ತನಾದ ಇಲ್ಲ. ಊಟ ಆರಿಹೋಗುತ್ತಿದೆ ಎಂದು ಆಡುವ ಮಕ್ಕಳನ್ನು ಕರೆಯುವ ಧಾಟಿ. ಕೊನೆಯ ಅಕ್ಷರವನ್ನು ಅಲ್ಲಿಯವರ ಹಾಗೆ ಎಳೆದು, ನಮ್ಮ ಹೆಸರನ್ನು ತಪ್ಪು ತಪ್ಪಾಗಿ ಕರೆಯುತ್ತಿದ್ದಳು. ಪಾರ್ಕಿಂಗ್ ಲಾಟಿನ ದೀಪ ಅಲ್ಲಿ ಕಾಣಲಿಲ್ಲ. ಬರೀ ಕತ್ತಲು. ಮತ್ತೆ ಕರೆದಳು.

ನನ್ನ ಮಂಡಿಯ ಪಕ್ಕದಲ್ಲೇ ಹುಲ್ಲು ಸರಿಯಿತು. ಅಕ್ಕಿ ಕಾಳುಗಳು ಚರಚರ ತುಳಿದಂತಾದವು. ಏನೋ ನನ್ನ ಸೆರಗನ್ನು ಸವರಿಕೊಂಡು ಮುಂದೆ ಹೋಯಿತು, ಪುಟ್ಟ ಪುಟ್ಟ ಹೆಜ್ಜೆ. ಒಂಬತ್ತು ದಿನದ ಕೂಸು ನಡೆಯುತ್ತದೆಯೇ ಎಂದು ಕೇಳಬೇಡಿ. ಅದು ನೂರು ವರ್ಷಕ್ಕೂ ಮೇಲೆ ಕಾದಿದ್ದ ಕೂಸು.

ಏನು ಮಾಡಿಬಿಟ್ಟೆ ಎಂದು ನನಗೆ ಹೊಳೆದದ್ದು ಆಗಲೇ.

“ನಿಲ್ಲು ಮರಿ,” ಎಂದೆ.  “ಅದು... ಅದು ನಿಂದಲ್ಲ.”

ಹೆಜ್ಜೆ ನಿಂತಿತು. ನಿಜವಾಗಿ ನಿಂತಿತು. ಎರಡು ಉಸಿರಿನಷ್ಟು ಹೊತ್ತು ಅದು ನನ್ನ ಕಡೆ ತಿರುಗಿ ನಿಂತಿದೆ ಎನ್ನುವುದು ನನಗೆ ಗೊತ್ತಾಗುತ್ತಿತ್ತು. ಬೇಲಿಯಾಚೆ ಆ ತಾಯಿ ಮೂರನೇ ಸಲ ಕರೆದಳು. ಈ ಸಲ ಅವಳ ದನಿ ನಡುಗುತ್ತಿತ್ತು.

ಹೆಜ್ಜೆಗಳು ಓಡಿದವು. ಅವಳ ಕಡೆಗೆ.

ಆಮೇಲೆ ಒಮ್ಮೆಲೇ ಫ್ರೀವೇಯ ಸದ್ದು, ಪಾರ್ಕಿಂಗ್ ಲಾಟಿನ ಹಳದಿ ದೀಪ, ಚಳಿ. ಕಲ್ಲಿನ ಬುಡದ ಅಕ್ಕಿ ಚೆಲ್ಲಾಪಿಲ್ಲಿಯಾಗಿತ್ತು. ನನ್ನ ಕಾಲೇ ತಗುಲಿರಬಹುದು, ಆಣೆ ಮಾಡಿ ಹೇಳಲಾರೆ.

ಮನೆಗೆ ಬಂದು ಪ್ರಸನ್ನನಿಗೆ ಎಲ್ಲ ಹೇಳಿದೆ. ಜಿರಲೆಗೆ ಹೆದರುವ ಮನುಷ್ಯ ಅಂದು ಹೆದರಲಿಲ್ಲ. ಹೆಸರು ಏನಿತ್ತು ಎಂದಷ್ಟೇ ಕೇಳಿದ. ಹೇಳಿದೆ. ಅವನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟ. ಮಗನ ಹೆಸರನ್ನು ಅಪ್ಪ ಕೇಳಿದ್ದು ಅಂದೇ ಮೊದಲು, ಅದೂ ಬೇರೆಯವರಿಗೆ ಕೊಟ್ಟಾದ ಮೇಲೆ.

“ಹಾಗಾದ್ರೆ...” ಎಂದ. “ನಮ್ಮ ಮಗೂಗೆ?”



ಪಾಸ್‌ಪೋರ್ಟುಗಳ ಕೆಳಗೆ ಅಡಗಿಸಿಟ್ಟಿದ್ದ ಆ ಆಸ್ಪತ್ರೆಯ ಕಾಗದವನ್ನು ಅವನು ಅಂದೇ ಹೊರತೆಗೆದ. ಅದರಲ್ಲಿ ಜಾಗದ ವಿವರವಿತ್ತು. ಇಷ್ಟು ದಿನ ಮನೆಯಲ್ಲೇ ಇತ್ತು, ಕೈಗೆಟುಕುವಷ್ಟು ಹತ್ತಿರದಲ್ಲಿ. ಮರುದಿನ ಅವನು ಆಫೀಸಿನಿಂದ ಬಂದ ಮೇಲೆ ಇಬ್ಬರೂ ಹೋದೆವು. ಮುಟ್ಟುವ ಹೊತ್ತಿಗೆ ಕತ್ತಲಾಗಿತ್ತು. ಊರಾಚೆಯ ದೊಡ್ಡ ಸ್ಮಶಾನದ ಒಂದು ಮೂಲೆ. ಎಳೆಗೂಸುಗಳಿಗೆಂದೇ ಇಟ್ಟ ಜಾಗ. ಕಲ್ಲಿಲ್ಲ, ಹುಲ್ಲಿನ ನಡುವೆ ನಂಬರು ಬರೆದ ಪುಟ್ಟ ಬಿಲ್ಲೆಗಳು. ಟಾರ್ಚ್ ಹಿಡಿದು ನಮ್ಮ ನಂಬರು ಹುಡುಕಿದೆವು.

ದಾರಿಯಲ್ಲಿ ಪ್ರಸನ್ನ ಒಂದು ಹೊಸ ಹೆಸರು ಯೋಚಿಸಿದ್ದ. ಒಳ್ಳೆಯ ಹೆಸರು. ಅಕ್ಕಿ ಹರಡಿದೆವು, ಅದರ ಮೇಲೆ ಅವನು ಉಂಗುರದಿಂದ ಬರೆದ. ನೆಲಕ್ಕೆ ಬಾಗಿ ಮೂರು ಸಲ ಹೇಳಿದ. ಆಮೇಲೆ ನಾನು ಹೇಳಿದೆ. 

ಒಂದು ಗಂಟೆ ಕೂತಿದ್ದೆವು. ದೂರದ ರಸ್ತೆಯ ಸದ್ದು ಒಂದು ಚೂರೂ ಕಡಿಮೆಯಾಗಲಿಲ್ಲ. ಹುಲ್ಲು ಅಲುಗಲಿಲ್ಲ. ಯಾವ ವಾಸನೆಯೂ ಬರಲಿಲ್ಲ. ಹಾಕಿದ ಅಕ್ಕಿ ಹಾಕಿದ ಹಾಗೇ ಇತ್ತು.

ಅಂದು ಚರ್ಚಿನ ಹತ್ತಿರ ಕೇಳಿದ್ದು ಏನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದನ್ನು ನೆನೆಸಿಕೊಂಡರೆ ನನಗೆ ಭಯವಾಗುವುದಿಲ್ಲ. ನನ್ನನ್ನು ನಡುಗಿಸುವುದು ಈ ಎರಡನೆಯ ರಾತ್ರಿ, ಏನೂ ಆಗದ ರಾತ್ರಿ. ಮೊದಲಿನ ಹೆಸರನ್ನು ಇಲ್ಲಿ ಬರೆದಿಲ್ಲ, ಬರೆಯುವುದೂ ಇಲ್ಲ. ಅದು ಈಗ ಹಾಲಿಸ್ ಮನೆಯ ಮಗುವಿನದು.

ನನ್ನ ಮಗನನ್ನು ನಾನು ಅವನಪ್ಪ ಇಟ್ಟ ಹೆಸರಿನಿಂದಲೇ ಕರೆಯುತ್ತೇನೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಸ್ವಲ್ಪ ಗಟ್ಟಿಯಾಗಿಯೇ ಕರೆಯುತ್ತೇನೆ. ಎಷ್ಟೋ ವರ್ಷಗಳಾದವು. ಇನ್ನೂ ಯಾರೂ ಬಂದಿಲ್ಲ.